ಪ್ಲೇಟಿನ ಮೊದಲ ಎರಡು ನಿಮಿಷ

ನನ್ನ ಅಣ್ಣನ ಮಗನು ಹೊಸದಾಗಿ ಕೊಂಡ ಗ್ರಾಮಫೋನು (ಅವನ ಮಾತಿನಲ್ಲಿ ಅದು ಟರ್ನ್‌ಟೇಬಲ್, ನಾನು ಹಳೆಯ ಹೆಸರನ್ನು ಹೇಳಿದಾಗಲೆಲ್ಲ ಅವನ ತುಟಿಯಂಚಿನಲ್ಲಿ ಒಂದು ನಗೆ ಸುಳಿಯುತ್ತದೆ) ಹೇಗೆ ಹಾಡುತ್ತದೆಂಬುದನ್ನು ಕೇಳಿ ಅಭಿಪ್ರಾಯ ಹೇಳಬೇಕೆಂದು ಅವನು ಎರಡು ಮೂರು ಸಲ ಕರೆದಿದ್ದುದರಿಂದ, ಕಳೆದ ಆಷಾಢದ ಒಂದು ಭಾನುವಾರ, ಊಟವಾದ ಮೇಲೆ ಒಂದು ಗಳಿಗೆ ಅಡ್ಡಾಗುವ ಸುಖವನ್ನು ಬಿಟ್ಟು, ಕನಕಪುರ ರಸ್ತೆಯ ಕಡೆ ಹನ್ನೊಂದನೆಯ ಅಂತಸ್ತಿನಲ್ಲಿರುವ ಅವನ ಮನೆಗೆ ಹೋದೆನು. ಅವನ ಇಬ್ಬರು ಸ್ನೇಹಿತರು ಆಗಲೇ ಬಂದಿದ್ದರು. ನಾನು ಚಪ್ಪಲಿ ಬಿಡುವ ವೇಳೆಗೆ ವಾದವೂ ಕಾವೇರಿತ್ತು. ಒಬ್ಬನದು ಪ್ಲೇಟಿನ ಪಕ್ಷ: ನಾದಕ್ಕೆ ಬಿಸುಪೆಂಬುದು, ಉಸಿರೆಂಬುದು ಇರುವುದು ವಿನೈಲಿನಲ್ಲಿಯೇ, ಉಳಿದುದೆಲ್ಲ ಬರಿಯ ಲೆಕ್ಕಾಚಾರ ಎಂಬುದು ಅವನ ಸಿದ್ಧಾಂತ. ಇನ್ನೊಬ್ಬನು ಡಿಜಿಟಲ್ ಪಕ್ಷದವನು. "ನೀನು ಬಿಸುಪು ಅಂತೀಯಲ್ಲ, ಅದು ಧೂಳು ಕಣೋ" ಎಂದು ಅವನು ಹೇಳಿದಾಗ ನನಗೆ ನಗು ಬಂದಿತು. ಏಕೆಂದರೆ ಈ ವಾಕ್ಯವನ್ನು, ಬಹುಮಟ್ಟಿಗೆ ಇದೇ ಸ್ವರದಲ್ಲಿ, ನಲವತ್ತು ವರ್ಷಗಳ ಹಿಂದೆ ನಾನು ಕೇಳಿದ್ದೆನು.

ವಾದವನ್ನು ತೀರ್ಮಾನಿಸುವುದಕ್ಕಾಗಿ ಹುಡುಗನು ಒಂದು ಪ್ಲೇಟನ್ನು ಹಾಕಿದನು. ಈಗಲ್ಸ್ ತಂಡದವರು 1994ರಲ್ಲಿ ಸಭೆಯ ಮುಂದೆ ಹಾಡಿದ 'ಹೋಟೆಲ್ ಕ್ಯಾಲಿಫೋರ್ನಿಯಾ' ಅದು. ಧ್ವನಿಯಂತ್ರ ಮಾರುವ ಅಂಗಡಿಗೆ ಒಮ್ಮೆಯಾದರೂ ಕಾಲಿಟ್ಟವರು ಅದನ್ನು ಕೇಳದೆ ಹೊರಗೆ ಬಂದಿರಲಾರರು. ಗಿಟಾರು ಪೀಠಿಕೆ ಹಾಕಿತು. ಸಭಿಕರ ಚಪ್ಪಾಳೆ ಕೇಳಿಸಿತು. ಆಮೇಲೆ ಎದೆಗೆ ಗುದ್ದುವ ಆ ಆಳವಾದ ತಾಳದ ಪೆಟ್ಟುಗಳು ಬಂದವು. "ಚಿಕ್ಕಪ್ಪ, ಬಾಸ್ ಕೇಳಿದಿರಾ?" ಎಂದು ಹೇಳಿ, ಹಾಡುಗಾರನು ಬಾಯಿ ತೆರೆಯುವುದಕ್ಕೆ ಮೊದಲೇ, ಹುಡುಗನು ಎರಡು ಬೆರಳಿನಿಂದ ಮುಳ್ಳಿನ ತೋಳನ್ನು ಮೇಲಕ್ಕೆತ್ತಿಬಿಟ್ಟನು. ಎತ್ತಿದ ಆ ಬೆರಳುಗಳನ್ನು ಕಂಡೊಡನೆ ನನ್ನ ಮನಸ್ಸು ಅಲ್ಲಿಂದ ಎದ್ದು, ದಂಡಿನ ಪ್ರದೇಶದ ಒಂದು ಅಡ್ಡರಸ್ತೆಯಲ್ಲಿ ನಾನು ಆರು ವರ್ಷ ಕಳೆದ ಆ ಚಿಕ್ಕ ಕೋಣೆಗೆ ಹೋಗಿ ಕುಳಿತಿತು.

ಬಿ.ಎಸ್‌ಸಿ. ಮುಗಿಸಿ ಎರಡು ವರ್ಷ ಅರ್ಜಿಗಳನ್ನು ಬರೆಯುವುದರಲ್ಲಿಯೇ ಕೈ ನೋಯಿಸಿಕೊಂಡ ತರುವಾಯ, 1979ರಲ್ಲಿ, ತಂದೆಯವರ ಪರಿಚಯದವರೊಬ್ಬರ ಮಾತಿನ ಮೇಲೆ ನನಗೆ ಆ ಅಂಗಡಿಯಲ್ಲಿ ಕೆಲಸ ದೊರೆಯಿತು. ಮುಂಭಾಗದಲ್ಲಿ ರೇಡಿಯೋ, ಟೇಪ್‌ರೆಕಾರ್ಡರುಗಳ ಸಾಮಾನ್ಯ ವ್ಯಾಪಾರ. ಹಿಂಭಾಗದಲ್ಲಿ, ದಪ್ಪ ಕಂದು ಪರದೆಯ ಆಚೆ, ಗೋಡೆಗೆಲ್ಲ ತೆಂಗಿನ ನಾರಿನ ಹಾಸು ಬಡಿದ, ಫ್ಯಾನು ಹಾಕಬಾರದೆಂಬ ನಿಯಮವಿದ್ದುದರಿಂದ ಸದಾ ಬೆವರಿನ ವಾಸನೆಯಿಂದ ಕೂಡಿದ, 'ಕೇಳುವ ರೂಮು'. ಅದರ ಅರ್ಚಕನು ನಾನು. ಯಜಮಾನರು ಗಿರಾಕಿಯನ್ನು ಕರೆತಂದು ನಡುವಿನ ಬೆತ್ತದ ಕುರ್ಚಿಯಲ್ಲಿ ಕೂರಿಸುವರು. ನಾನು ಪ್ಲೇಟನ್ನು ಅಂಚಿನಲ್ಲಿ ಹಿಡಿದು ತೆಗೆದು, ಮಖಮಲ್ಲಿನ ತುಂಡಿನಿಂದ ಒರೆಸಿ, ಮುಳ್ಳನ್ನು ಇಳಿಸುವೆನು. ಮಳೆಗಾಲ ಬಂದರೆ ಪ್ಲೇಟುಗಳ ಮೇಲೆ ಬೂಷ್ಟು ಹೂವಿನಂತೆ ಬಿಳಿದಾಗಿ ಹಬ್ಬುತ್ತಿದ್ದಿತು; ಅದನ್ನು ತೊಳೆಯುವ ಕೆಲಸವೂ ನನ್ನದೇ. ನಡುವೆ ಕರೆಂಟು ಹೋದರೆ ನಾದವು ಬಾವಿಗೆ ಬಿದ್ದಂತೆ ಅಡಗಿಹೋಗಿ, ತಟ್ಟೆಯು ಮಾತ್ರ ತಾನಾಗಿ ನಿಲ್ಲುವವರೆಗೆ ಸದ್ದಿಲ್ಲದೆ ತಿರುಗುತ್ತಿರುವುದು. ಯಜಮಾನರು ಕತ್ತಲೆಯಲ್ಲಿಯೇ, "ಇದೊಂದು ಮಾತ್ರ ಮೆಷಿನ್ ತಪ್ಪಲ್ಲ ಸಾರ್" ಎನ್ನುವರು.

ನೂರಾರು ಪ್ಲೇಟುಗಳಿದ್ದರೂ ಗಿರಾಕಿಯ ಮುಂದೆ ಹಾಕುತ್ತಿದ್ದುದು ಮೂರನ್ನೇ. ಒಂದು ರೈಲಿನದು. ಎಡಗಡೆಯ ಡಬ್ಬಿಯಿಂದ ಹೊರಟ ಉಗಿಬಂಡಿಯು ಕುರ್ಚಿಯ ಮುಂದೆ ಹಾದು ಬಲಗಡೆಯ ಡಬ್ಬಿಯೊಳಗೆ ಹೊಕ್ಕುಹೋಗುತ್ತಿದ್ದಿತು. ಗಿರಾಕಿಯ ತಲೆಯೂ ಅದರ ಜೊತೆಗೆ ತಿರುಗುತ್ತಿದ್ದಿತು. ಇದು ನಮ್ಮ ಯಜಮಾನರ ಉಪಾಯವೇನೂ ಅಲ್ಲವೆಂದು ಬಹಳ ಕಾಲದ ಮೇಲೆ ಓದಿ ತಿಳಿದೆನು. ಅಮೆರಿಕದಲ್ಲಿ 1957ರಲ್ಲಿ ಆಡಿಯೋ ಫಿಡೆಲಿಟಿ ಎಂಬ ಸಂಸ್ಥೆಯವರು ಹೊರತಂದ ಮೊತ್ತಮೊದಲ ಸ್ಟೀರಿಯೋ ಪ್ಲೇಟಿನಲ್ಲಿಯೇ ಒಂದು ಪಕ್ಕದಲ್ಲಿ ಜಾಜ್ ಸಂಗೀತ, ಇನ್ನೊಂದು ಪಕ್ಕದಲ್ಲಿ ರೈಲಿನ ಸದ್ದು ಇದ್ದಿತಂತೆ. ಹುಟ್ಟಿದ ದಿನದಿಂದಲೂ ಆ ಯಂತ್ರದ ಮಡಿಲಿನಲ್ಲಿ ಸಂಗೀತವೂ ಸದ್ದೂ ಅವಳಿಗಳಾಗಿಯೇ ಬೆಳೆದಿವೆ.

ಎರಡನೆಯದು ಫಿರಂಗಿಯದು. ಟೆಲಾರ್ಕ್ ಸಂಸ್ಥೆಯವರು 1979ರಲ್ಲಿ ಹೊರತಂದ, ಸಿನ್ಸಿನಾಟಿಯ ವಾದ್ಯವೃಂದವು ಎರಿಕ್ ಕುನ್ಜೆಲ್ಲರ ನಿರ್ದೇಶನದಲ್ಲಿ ನುಡಿಸಿದ, ಚೈಕೋವ್‌ಸ್ಕಿಯ '1812' ಎಂಬ ಕೃತಿ. ಅಮೆರಿಕದಿಂದ ಬಂದ ಗಿರಾಕಿಯೊಬ್ಬರ ತಮ್ಮನು ತಂದುಕೊಟ್ಟುದು. ಮಾಸ್ಕೋದ ದಾರಿಯಲ್ಲಿ ನೆಪೋಲಿಯನ್ನನ ಸೇನೆಯು ಹಿಮ್ಮೆಟ್ಟಿದ ಕಥೆಯನ್ನು ನಾದದಲ್ಲಿ ಹೇಳುವ ಆ ಕೃತಿಯ ಕೊನೆಯಲ್ಲಿ ನಿಜವಾದ ಫಿರಂಗಿಗಳ ಸಿಡಿತವಿದೆ. ಅದು ಬರುವ ಕಡೆ ಪ್ಲೇಟಿನ ಗೆರೆಗಳು ಎಷ್ಟು ಅಗಲವಾಗಿ ಹೊಯ್ದಾಡಿವೆಯೆಂದರೆ, ದೀಪದ ಕೆಳಗೆ ಓರೆಯಾಗಿ ಹಿಡಿದರೆ ಬರಿಗಣ್ಣಿಗೇ ಕಾಣುತ್ತವೆ. ಸಾಧಾರಣವಾದ ಮುಳ್ಳು ಅಲ್ಲಿಗೆ ಬಂದರೆ ಹೌಹಾರಿ ಹೊರಗೆ ನೆಗೆಯುತ್ತಿತ್ತು. ನೆಗೆಯದಿದ್ದ ಯಂತ್ರವೇ ಉತ್ತಮ ಯಂತ್ರವೆಂದು ಗಿರಾಕಿಗೆ ಮನವರಿಕೆ ಮಾಡುವುದಕ್ಕಾಗಿ ನಾನು ಮುಳ್ಳನ್ನು ನೇರವಾಗಿ ಸಿಡಿತದ ಹಿಂದಿನ ಅರ್ಧ ನಿಮಿಷಕ್ಕೇ ಇಳಿಸುತ್ತಿದ್ದೆನು. ದಂಡಯಾತ್ರೆಯಿಲ್ಲ, ಪ್ರಾರ್ಥನೆಯಿಲ್ಲ, ಶತ್ರುವಿಲ್ಲ, ಬರಿಯ ಫಿರಂಗಿ.

ಮೂರನೆಯದು 'ಕಾಲ್ ಆಫ್ ದಿ ವ್ಯಾಲಿ'. ಶಿವಕುಮಾರ ಶರ್ಮರ ಸಂತೂರು, ಹರಿಪ್ರಸಾದ್ ಚೌರಾಸಿಯಾರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾರ ಗಿಟಾರು, 1967ರಲ್ಲಿ ಎಚ್.ಎಂ.ವಿ.ಯಿಂದ ಬಂದುದು. ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಬೆಳಗಿನ ಅಹಿರ್ ಭೈರವದಿಂದ ಹಿಡಿದು ಪಹಾಡಿಯವರೆಗೆ, ಗಳಿಗೆಗಳಿಗೆ ಒಪ್ಪುವ ರಾಗಗಳಲ್ಲಿ ಹೆಣೆದ ಪ್ಲೇಟು. ಸಂತೂರಿನ ತಂತಿಯ ಮಿಂಚು ಮೇಲಿನ ಸ್ವರಗಳನ್ನು ಪರೀಕ್ಷಿಸುವುದಕ್ಕೆ ಹೇಳಿಮಾಡಿಸಿದಂತಿದ್ದುದರಿಂದ ಅದು ನಮ್ಮ ಮೂರನೆಯ ಅಸ್ತ್ರವಾಯಿತು. ಎರಡು ನಿಮಿಷವಾಗುತ್ತಲೇ ಯಜಮಾನರು ಕಣ್ಸನ್ನೆ ಮಾಡುವರು; ನಾನು ತೋಳನ್ನು ಎತ್ತುವೆನು. ದಿನಕ್ಕೆ ನಾಲ್ಕು ಸಲವೆಂದರೂ ಆರು ವರ್ಷಗಳಲ್ಲಿ ಎಷ್ಟು ಸಾವಿರ ಸಲವಾಯಿತೋ! ಆ ಬಡ ಕುರುಬನು ನನ್ನ ಕೈಯಲ್ಲಿ ಅಷ್ಟು ಸಾವಿರ ಸಲ ಎದ್ದು ಕಣ್ಣುಜ್ಜಿಕೊಂಡನೇ ಹೊರತು, ಒಮ್ಮೆಯಾದರೂ ಹಟ್ಟಿಯ ಬಾಗಿಲನ್ನು ದಾಟಲಿಲ್ಲ. ಮೊದಲ ಎರಡು ನಿಮಿಷದ ಗೆರೆಗಳು ಸವೆದು ಬೂದುಬಣ್ಣಕ್ಕೆ ತಿರುಗಿದ್ದವು. ಅಲ್ಲಿಂದಾಚೆಗೆ ಪ್ಲೇಟು ಕನ್ನಡಿಯಂತೆ ಕರ್ರಗೆ ಹೊಳೆಯುತ್ತಿದ್ದಿತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ಆ ಗೆರೆಯಾಚೆಯದನ್ನು ನಾನು ಕೇಳಬಹುದಾಗಿದ್ದಿತು. ಕೇಳಲಿಲ್ಲ. ಮಿಠಾಯಿ ಅಂಗಡಿಯ ಹುಡುಗನಿಗೆ ಸಿಹಿಯ ಆಸೆ ಹೋಗುವಂತೆ ನನಗೂ ಸಂಗೀತದ ಆಸೆ ಹೋಗಿಬಿಟ್ಟಿತ್ತು. ಉಳಿದಿದ್ದುದು ಸದ್ದಿನ ವಿದ್ಯೆ.

ಆ ವಿದ್ಯೆಯಲ್ಲಿ ಒಂದು ರಹಸ್ಯವಿದ್ದಿತು. ಅದನ್ನು ಈಗ ಹೇಳಿಬಿಡುತ್ತೇನೆ. ಎರಡು ಯಂತ್ರಗಳನ್ನು ಒಂದಾದ ಮೇಲೊಂದರಂತೆ ಕೇಳಿಸುವಾಗ, ಬೆಲೆ ಹೆಚ್ಚಿನದರ ಸರದಿ ಬಂದರೆ ಧ್ವನಿಯ ಗುಂಡಿಯನ್ನು ಎಳ್ಳು ಕಾಳಿನಷ್ಟು ಮುಂದಕ್ಕೆ ತಿರುಗಿಸಬೇಕು. ಎಳ್ಳು ಕಾಳಿನಷ್ಟೇ, ಹೆಚ್ಚಾದರೆ ಗಿರಾಕಿಗೆ ಗೊತ್ತಾಗುತ್ತದೆ. ಅಷ್ಟು ಸ್ವಲ್ಪ ಏರಿದ ಧ್ವನಿಯನ್ನು ಮನುಷ್ಯನ ಕಿವಿಯು ಏರಿತೆಂದು ಗುರುತಿಸುವುದಿಲ್ಲ. ಸ್ಪಷ್ಟವಾಯಿತು, ಆಳವಾಯಿತು, ತೆರೆದುಕೊಂಡಿತು ಎಂದು ಗುರುತಿಸುತ್ತದೆ. "ಪರದೆ ಸರಿಸಿದ ಹಾಗಾಯ್ತು ನೋಡಿ!" ಎನ್ನುತ್ತಿದ್ದರು ಗಿರಾಕಿಗಳು, ಅಕ್ಷರಶಃ ಒಂದೇ ಮಾತಿನಲ್ಲಿ. ಇಂಥ ನಾಟಕಕ್ಕೂ ದೊಡ್ಡ ಪರಂಪರೆಯೇ ಇದೆ. 1915ರಿಂದಾಚೆಗೆ ಎಡಿಸನ್ನರ ಕಂಪನಿಯವರು ಅಮೆರಿಕದ ಊರೂರಿನಲ್ಲಿ ರಂಗದ ಮೇಲೆ ಗಾಯಕಿಯನ್ನೂ ಯಂತ್ರವನ್ನೂ ಜೊತೆಯಾಗಿ ನಿಲ್ಲಿಸಿ, ದೀಪವಾರಿಸಿ, ಹಾಡುತ್ತಿರುವುದು ಯಾವುದೆಂದು ಹೇಳಿರಿ ಎಂದು ಸಭಿಕರಿಗೆ ಸವಾಲು ಹಾಕುತ್ತಿದ್ದರು, ಸಭಿಕರು ಸೋಲುತ್ತಿದ್ದರು. ಹಾಗೆ ಹಾಡಿದ ಆನಾ ಕೇಸ್ ಎಂಬ ಗಾಯಕಿಯು ಎಷ್ಟೋ ದಶಕಗಳ ಮೇಲೆ, ಯಂತ್ರದ ಧ್ವನಿಗೆ ಹೊಂದುವಂತೆ ತಾನೇ ತನ್ನ ಕಂಠವನ್ನು ಅಳವಡಿಸಿಕೊಳ್ಳುತ್ತಿದ್ದುದಾಗಿ ಒಪ್ಪಿಕೊಂಡಳು. ಯಂತ್ರವು ಮನುಷ್ಯನಂತೆ ಹಾಡಿದುದಲ್ಲ, ಮನುಷ್ಯನು ಯಂತ್ರದಂತೆ ಹಾಡಿದುದು. ಇದನ್ನು ಓದಿದ ದಿನ ನನ್ನ ಎಳ್ಳು ಕಾಳಿನ ಪಾಪವು ಸ್ವಲ್ಪ ಹಗುರವಾದಂತೆ ತೋರಿತು. ಆದರೆ ಒಬ್ಬರ ವಿಷಯದಲ್ಲಿ ಮಾತ್ರ ಆಗಲಿಲ್ಲ.

ಅವರು ಆಗತಾನೆ ನಿವೃತ್ತರಾಗಿದ್ದ ಮೇಷ್ಟರು. ಮೈಸೂರಿನ ಕಡೆಯವರು, ಪಂಚೆ, ಮುಚ್ಚುಕೋಟು, ಕಂಕುಳಲ್ಲಿ ಕೊಡೆ. ಸುಮಾರು ಒಂದು ವರ್ಷ ಶನಿವಾರ ಶನಿವಾರ ಬಂದು, ಏನನ್ನೂ ಕೊಳ್ಳದೆ, ಪರದೆಯ ಪಕ್ಕದಲ್ಲಿ ನಿಂತು ಕೇಳಿಹೋಗುತ್ತಿದ್ದರು. ಅವರಿಗೆ ಚೌಡಯ್ಯನವರ ಪಿಟೀಲೆಂದರೆ ಪ್ರಾಣ. ಮೈಕು ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೆ ನಾಲ್ಕು ತಂತಿಯ ಪಿಟೀಲು ಕೇಳಿಸದೆಂದು ಚೌಡಯ್ಯನವರು 1927ರಲ್ಲಿ ಏಳು ತಂತಿಯ ಪಿಟೀಲನ್ನು ಮಾಡಿಸಿಕೊಂಡ ಕಥೆಯನ್ನು ನನಗೆ ಮೊದಲು ಹೇಳಿದವರು ಅವರೇ. (ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಬೆಂಗಳೂರಿನಲ್ಲಿ ಆರಂಭವಾದುದು ಆ ಸುಮಾರಿಗೇ, 1980ರಲ್ಲಿ, ಮೇಷ್ಟರು ಅದನ್ನು ಹೊರಗಿನಿಂದ ನೋಡಿಬಂದು, "ಒಳಗೆ ಮೈಕು ಇಟ್ಟಿದಾರಂತೆ" ಎಂದಿದ್ದರು.) ಒಂದು ಶನಿವಾರ ಅವರು ಕೋಟಿನ ಒಳಜೇಬನ್ನು ಮುಟ್ಟಿಕೊಳ್ಳುತ್ತ ಬಂದು, ತಮಗೂ ಒಂದು ಯಂತ್ರ ಬೇಕೆಂದರು. ಯಜಮಾನರು ಎರಡನ್ನು ತೋರಿಸಿದರು. ಫಿರಂಗಿ, ರೈಲು, ಸಂತೂರು ಆದವು. ಎರಡನೆಯದರ ಬೆಲೆ ಮೊದಲನೆಯದರ ಎರಡರಷ್ಟಕ್ಕಿಂತ ಹೆಚ್ಚು. ನಾನು ಗುಂಡಿಯನ್ನು ತಿರುಗಿಸಿದೆನು.

"ಇದೇ ಇರಲಿ" ಎಂದರು ಮೇಷ್ಟರು.

ಮರುದಿನ ಯಂತ್ರವನ್ನು ಮನೆಗೆ ಮುಟ್ಟಿಸಿ ಜೋಡಿಸಿಕೊಟ್ಟು ಬರಲು ನಾನೇ ಹೋದೆನು. ಚಾಮರಾಜಪೇಟೆಯ ಒಂದು ವಠಾರ. ಆರು ಸಂಸಾರಗಳಿಗೆ ಒಂದು ನಲ್ಲಿ. ಅವರದು ಒಂದೂವರೆ ಕೋಣೆ. ಕಿಟಕಿಯ ಕೆಳಗೆ, ಕುಸುರಿಯ ಬಟ್ಟೆ ಹೊದ್ದು, ಕೀಲಿ ಕೊಡುವ ಹಳೆಯ ಗ್ರಾಮಫೋನು ಇದ್ದಿತು. ತಂತಿಗಳನ್ನೆಲ್ಲ ಕೂಡಿಸಿ, "ಯಾವುದಾದರೂ ಹಾಕೋಣ, ಕೊಡಿ ಸಾರ್" ಎಂದೆನು. ಮೇಷ್ಟರು ಟ್ರಂಕಿನಿಂದ, ಒಂದೊಂದಕ್ಕೂ ಹಳೆಯ 'ಪ್ರಜಾವಾಣಿ'ಯ ಹಾಳೆ ಸುತ್ತಿದ್ದ, ಹದಿನಾಲ್ಕೋ ಹದಿನೈದೋ ಪ್ಲೇಟುಗಳನ್ನು ತೆಗೆದು ಎರಡು ಕೈಯಲ್ಲಿಯೂ ಹಿಡಿದು ಕೊಟ್ಟರು. ಅರಗಿನವು, ಭಾರವಾದವು, ಚೌಡಯ್ಯನವರವು. ಎಲ್ಲವೂ ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ಪ್ಲೇಟುಗಳು. ನಾನು ಆಗತಾನೆ ಜೋಡಿಸಿದ ಯಂತ್ರಕ್ಕೆ ಇದ್ದುದು ಎರಡೇ ವೇಗ, 33 ಮತ್ತು 45.

ಒಂದು ವರ್ಷ ಶನಿವಾರ ಶನಿವಾರ ನಮ್ಮ ಮುಂದೆ ನಿಂತವರನ್ನು, "ನಿಮ್ಮ ಹತ್ತಿರ ಯಾವ ಪ್ಲೇಟುಗಳಿವೆ?" ಎಂದು ನಾವು ಯಾರೂ ಕೇಳಿರಲಿಲ್ಲ. ನನ್ನ ಬಾಯಿ ಒಣಗಿತು. ಹೇಗೋ ಹೇಳಿದೆನು. ಅವರು ನನ್ನ ಮುಖವನ್ನೇ ನೋಡಿ, ಪ್ಲೇಟುಗಳನ್ನು ಒಂದೊಂದಾಗಿ ಮತ್ತೆ ಪತ್ರಿಕೆಯ ಹಾಳೆಯಲ್ಲಿ ಸುತ್ತುತ್ತ, "ಅದಕ್ಕೇನಂತೆ ಬಿಡಪ್ಪ, ಅದು ಅದರ ಪಾಡಿಗೆ ಹಾಡುತ್ತೆ, ಇದು ಇದರ ಪಾಡಿಗೆ. ಕಾಫಿ ಕುಡಿದು ಹೋಗು" ಎಂದರು. ಆ ಕಾಫಿಯನ್ನು ಕುಡಿದೆನು. ಮಾರಿದ ಯಂತ್ರವನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದು ಯಜಮಾನರಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದು, ಅಂಗಡಿಯ ಮೆಟ್ಟಿಲನ್ನು ಹತ್ತುವಾಗ ನುಂಗಿಕೊಂಡೆನು. ಮೇಷ್ಟರು ಮತ್ತೆ ಶನಿವಾರಗಳಲ್ಲಿ ಬರಲಿಲ್ಲ.

ಯಜಮಾನರು ಕೆಟ್ಟವರಾಗಿದ್ದರೆಂದು ಓದುಗರು ತಿಳಿಯಬಾರದು. ನನ್ನ ತಂಗಿಯ ಮದುವೆಗೆ ಕೇಳದೆಯೇ ಮೂರು ತಿಂಗಳ ಸಂಬಳವನ್ನು ಮುಂಗಡವಾಗಿ ಕೊಟ್ಟು, ಆಮೇಲೆ ಹಿಡಿಯಲು ಮರೆತವರು ಅವರು. ಆಯುಧಪೂಜೆಯ ದಿನ ಒಂದೊಂದು ಆಂಪ್ಲಿಫೈಯರಿಗೂ ತಾವೇ ಕುಂಕುಮವಿಟ್ಟು, ಒಳಗೆ ಚೂರು ಸೇರೀತೆಂಬ ಭಯದಿಂದ ಚೆಂಡುಹೂವನ್ನು ಮಾತ್ರ ಪಕ್ಕದಲ್ಲಿಡುತ್ತಿದ್ದರು. ತಾವು ಹೇಳಿದುದನ್ನು ತಾವೇ ನಂಬುವ ಶಕ್ತಿ ಅವರಿಗಿದ್ದಿತು. ವ್ಯಾಪಾರಿಗೆ ಅದಕ್ಕಿಂತ ದೊಡ್ಡ ಬಂಡವಾಳವಿಲ್ಲ. ಫಿರಂಗಿಯ ಪ್ಲೇಟು ಬಂದ ಹೊಸದರಲ್ಲಿ ಅದರ ಕವಚದ ಮೇಲಿನ 'ಡಿಜಿಟಲ್' ಎಂಬ ಮಾತನ್ನು ಬೆರಳಿನಿಂದ ತಟ್ಟಿತಟ್ಟಿ, "ನೋಡಿ ಸಾರ್, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದಾರೆ" ಎಂದು ಬೆರಗಿನಿಂದ ಹೇಳುತ್ತಿದ್ದರು. ಅದು ನಿಜವೂ ಹೌದು: ಸೌಂಡ್‌ಸ್ಟ್ರೀಮ್ ಎಂಬ ಯಂತ್ರದಲ್ಲಿ, ಸೆಕೆಂಡಿಗೆ 50,000 ಸಲ ನಾದವನ್ನು ಅಳೆದು ಅಂಕಿಗಳಾಗಿ ಬರೆದುಕೊಂಡು, ಆ ಅಂಕಿಗಳಿಂದ ಪ್ಲೇಟಿನ ಗೆರೆಯನ್ನು ಕೊರೆದಿದ್ದರು. 1982ರಲ್ಲಿ ಜಪಾನಿನಲ್ಲಿ ಸಿ.ಡಿ. ಹೊರಬಂದು, ಎರಡು ಮೂರು ವರ್ಷಗಳಲ್ಲಿ ಸಿಂಗಪುರದಿಂದ ಮರಳಿದ ಗಿರಾಕಿಯೊಬ್ಬನು ಒಂದು ಸಿ.ಡಿ. ಯಂತ್ರವನ್ನು ನಮ್ಮ ಕೋಣೆಗೆ ತಂದಾಗ, ಮೊದಲು ನಮ್ಮನ್ನು ಬೆಚ್ಚಿಸಿದುದು ಅದರ ನಾದವಲ್ಲ. ನಾದಕ್ಕೆ ಹಿಂದಿನ ನಿಶ್ಶಬ್ದ. ಚಟಪಟವಿಲ್ಲ, ಗೊರಗೊರವಿಲ್ಲ. ಗುಂಡಿಯೊತ್ತಿ, ಕೆಟ್ಟಿತೇನೋ ಎಂದುಕೊಳ್ಳುವಷ್ಟರಲ್ಲಿ ಕತ್ತಲೆಯೊಳಗಿನಿಂದ ಪಿಯಾನೋ ಎದ್ದು ನಿಂತಿತು. ಅವನು ಹೊರಟುಹೋದ ಮೇಲೆ ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, "ಶುದ್ಧವಾಗಿದೆ, ಆದರೆ ಪ್ರಾಣ ಇಲ್ಲ. ಡಿಜಿಟಲ್ ನೋಡು" ಎಂದರು, ಎಂದು, ತಮ್ಮ ಪಕ್ಷವನ್ನು ಸಮರ್ಥಿಸಿಕೊಳ್ಳಲು ನನ್ನಿಂದ ಹಾಕಿಸಿದುದು ಅದೇ ಫಿರಂಗಿಯ ಪ್ಲೇಟನ್ನು! ಕವಚದ ಮೇಲಿನ ಆ ಮಾತು ಅವರ ಮೊಣಕಾಲಿನ ಮೇಲೆಯೇ ಇದ್ದಿತು. ನಾನು ತೋರಿಸಲಿಲ್ಲ.

ಈಗ ಆ ವಾದದ ತಿರುಳನ್ನು ನಿರ್ಲಿಪ್ತನಾಗಿ ನೋಡಬಲ್ಲೆನೆಂದುಕೊಂಡಿದ್ದೇನೆ. ಲೆಕ್ಕದ ಮಾತನ್ನು ಹೇಳುವುದಾದರೆ, ಸೆಕೆಂಡಿಗೆ 44,100 ಸಲ ಅಳೆಯುವ ಸಿ.ಡಿ.ಯು ಮನುಷ್ಯನ ಕಿವಿಗೆ ಕೇಳಿಸುವ ಎಲ್ಲ ಸ್ವರಗಳನ್ನೂ ಹಿಡಿಯುತ್ತದೆ. ಮೆಲ್ಲನೆಯದಕ್ಕೂ ಜೋರಿನದಕ್ಕೂ ನಡುವೆ ಅದು ಕೊಡುವ ಅಂತರವು, 96 ಡೆಸಿಬಲ್, ಯಾವ ಪ್ಲೇಟಿಗೂ ಸಾಧ್ಯವಲ್ಲ. ಪ್ಲೇಟಿನ ಹೊರ ಅಂಚಿನಲ್ಲಿ ಗೆರೆಯು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರು ಓಡಿದರೆ, ಒಳಸುತ್ತಿನಲ್ಲಿ ಅದು 20ಕ್ಕೆ ಇಳಿಯುತ್ತದೆ. ಇಷ್ಟು ಇಕ್ಕಟ್ಟಿನಲ್ಲಿ, ಕೃತಿಯು ಉತ್ಕರ್ಷಕ್ಕೆ ಏರುವ ಕೊನೆಯಲ್ಲಿಯೇ, ನಾದವು ಕಲಕಾಗುತ್ತದೆ. ಇವೆಲ್ಲ ನಿಜ. ಆದರೂ ಸಿ.ಡಿ.ಯ ಕಾಲದಲ್ಲಿ ಎಷ್ಟೋ ಧ್ವನಿಮುದ್ರಿಕೆಗಳನ್ನು, ಇತರರದಕ್ಕಿಂತ ತಮ್ಮದು ಜೋರಾಗಿ ಕೇಳಲೆಂದು, ಮೆಲ್ಲನೆಯದನ್ನೆಲ್ಲ ಮೇಲಕ್ಕೆ ದಬ್ಬಿ ಇಟ್ಟಿಗೆಯಂತೆ ಮಟ್ಟಸಗೊಳಿಸಿದರೆಂಬುದೂ ನಿಜ. ನನ್ನ ಎಳ್ಳು ಕಾಳೇ ದೊಡ್ಡ ಉದ್ಯಮವಾಗಿ ಬೆಳೆದಿತ್ತು. ಇನ್ನು ಕಿವಿಯ ಪ್ರಮಾಣಕ್ಕೆ ಬಂದರೆ, ಡಿಜಿಟಲ್ಲಿನ ಸೋಂಕಿಲ್ಲದ ಶುದ್ಧ ಪ್ಲೇಟುಗಳೆಂಬ ಖ್ಯಾತಿಯಿಂದ ವಿಪರೀತ ಬೆಲೆಗೆ ಮಾರಾಟವಾಗುತ್ತಿದ್ದ ಅಮೆರಿಕದ ಒಂದು ಸಂಸ್ಥೆಯ ಮುದ್ರಿಕೆಗಳಲ್ಲಿ ಎಷ್ಟೋ ವರ್ಷಗಳಿಂದ ನಡುವೆ ಒಂದು ಡಿಜಿಟಲ್ ಪ್ರತಿ ಸೇರಿತ್ತೆಂಬುದು 2022ರಲ್ಲಿ ಬಯಲಾಯಿತು. ಅದನ್ನು ಹೊರಗೆಡಹಿದುದು ಒಬ್ಬ ಅಂಗಡಿಯವನ ವಿಚಾರಣೆಯೇ ಹೊರತು, ಆ ಪ್ಲೇಟುಗಳ ಬಿಸುಪನ್ನು ಕೊಂಡಾಡಿದ ಯಾವ ರಸಿಕನ ಕಿವಿಯೂ ಅಲ್ಲ. ಅದೇ ವರ್ಷ ಆ ದೇಶದಲ್ಲಿ ಮಾರಾಟವಾದ ಪ್ಲೇಟುಗಳ ಸಂಖ್ಯೆ, 1987ರಿಂದೀಚೆಗೆ ಮೊದಲ ಸಲ, ಸಿ.ಡಿ.ಗಳದನ್ನು ಮೀರಿತು. ಜನರು ಪ್ಲೇಟನ್ನು ಕೊಳ್ಳುವುದು ಕಿವಿಗಾಗಿ ಮಾತ್ರವಲ್ಲವೆಂದು ತೋರುತ್ತದೆ. ಒರೆಸುವುದಕ್ಕೆ, ಎತ್ತುವುದಕ್ಕೆ, ಇಳಿಸುವುದಕ್ಕೆ ಕೈಗೂ ಒಂದು ಕೆಲಸ ಬೇಕು.

1985ರಲ್ಲಿ ನನಗೆ ಬ್ಯಾಂಕಿನ ಕೆಲಸ ಸಿಕ್ಕಿತು. ಅಂಗಡಿ ಇನ್ನೂ ಹತ್ತು ವರ್ಷ ಉಸಿರಾಡುತ್ತಿದ್ದು ಮುಚ್ಚಿಹೋಯಿತು. ಈಗ ಅಲ್ಲಿ ಮೊಬೈಲಿನ ಕವಚಗಳನ್ನು ಮಾರುತ್ತಾರೆ. ಯಜಮಾನರ ಕೊನೆಯ ದಿನಗಳಲ್ಲಿ ನೋಡಲು ಹೋಗಿದ್ದೆನು. ನಲವತ್ತು ಜೊತೆ ಲೌಡ್‌ಸ್ಪೀಕರುಗಳ ಒಡೆಯರಾಗಿದ್ದವರು ದಿಂಬಿನ ಪಕ್ಕದಲ್ಲಿ ಅಂಗೈಯಗಲದ ಟ್ರಾನ್ಸಿಸ್ಟರನ್ನು ಇಟ್ಟುಕೊಂಡು ಆಕಾಶವಾಣಿಯ ಕಚೇರಿಯನ್ನು ಕೇಳುತ್ತಿದ್ದರು. ಅದು ಗೊರಗೊರ ಎನ್ನುತ್ತಿದ್ದಿತು. ನಾನು ಸ್ಟೇಷನ್ನನ್ನು ಸರಿಪಡಿಸಲು ಕೈ ಚಾಚಿದರೆ, "ಬೇಡ, ತನಿ ಆವರ್ತನ ಬಂತು" ಎಂದು ತಡೆದರು.

"ನೀವೇ ಹೇಳಿ ಚಿಕ್ಕಪ್ಪ, ಯಾವುದು ಮೇಲು?" ಎಂದು ಹುಡುಗನು ಕೇಳಿದಾಗ ನಾನು ಹನ್ನೊಂದನೆಯ ಅಂತಸ್ತಿಗೆ ಮರಳಿದೆನು. ಉತ್ತರ ಹೇಳುವ ಬದಲು ಅವನ ಪ್ಲೇಟುಗಳ ಸಾಲಿನಲ್ಲಿ ಬೆರಳಾಡಿಸುತ್ತ ಹೋದವನಿಗೆ, ಅವೆನ್ಯೂ ರಸ್ತೆಯ ಹಳೆಯ ಅಂಗಡಿಯಿಂದ ತಂದುದೆಂದು ಅವನು ಹೇಳಿದ, ಮೂಲೆ ಮುರುಟಿದ ಕವಚವೊಂದು ಸಿಕ್ಕಿತು. ಆ ಕುರುಬನದೇ. ಈ ನಡುವಿನ ವರ್ಷಗಳಲ್ಲಿ ಅದು ನನ್ನ ಕಿವಿಗೆ ಬೀಳದೆ ಇರಲಿಲ್ಲ. ಆದರೆ ಎಲ್ಲಿ ಕೇಳಿದರೂ ಎರಡು ನಿಮಿಷವಾಗುತ್ತಲೇ ಒಳಗೆ ಯಾವುದೋ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿದ್ದಿತು. "ಇದನ್ನು ಹಾಕು" ಎಂದೆನು. ಅಹಿರ್ ಭೈರವದ ಬೆಳಗಾಯಿತು. ಪ್ಲೇಟು ಸಾಕಷ್ಟು ಗೀಚುಬಿದ್ದಿದ್ದಿತು. ನನ್ನ ಪಾಡಿಗೆ ನಾನು ಕುಳಿತಿರುವಂತೆಯೇ, ಎಣಿಸದೆಯೇ, ನನ್ನ ಬಲಗೈ ತೊಡೆಯಿಂದ ಎದ್ದು ಎರಡು ಬೆರಳನ್ನು ಮುಂದೆ ಮಾಡಿ ನಿಂತಿತು.

"ನಿಲ್ಲಿಸಬೇಕಾ ಚಿಕ್ಕಪ್ಪ?"

"ಬೇಡ, ಬೇಡ" ಎಂದು ಹೇಳಿ, ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕುಳಿತೆನು.